ಒಂದು ಬೆರಳು ಸಡಿಲ

ಲೊಯಿತಾ ಗುಡ್ಡಗಳ ಈ ಮಗ್ಗುಲಲ್ಲಿ ತೋಳ್ಬಂದಿ ಕೆತ್ತುವವರು ಬೇರೆಯವರೂ ಇದ್ದರು. ಆದರೆ ಅವರು ಕೆತ್ತಿದ್ದು ಕುಣಿತದಲ್ಲಿ ಮೊಣಕೈಗೆ ಜಾರುತ್ತಿತ್ತು, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕಸೈನೆ ಕೆತ್ತಿದ್ದು ಜಾರುತ್ತಿರಲಿಲ್ಲ. ಅದು ಅವನ ಹೆಮ್ಮೆ. ಹೆಮ್ಮೆ ಯಾವ ಮನುಷ್ಯನಿಗೆ ಒಳ್ಳೆಯದು ಮಾಡಿದೆ ಹೇಳಿ, ಅವನಿಗೂ ಮಾಡಲಿಲ್ಲ.

ಮರ ಒಲೊಯಿರಿಯೆನ್. ಹೆಂಗಸರು ಹಾಲಿನ ಸೋರೆಬುರುಡೆಗೆ ಹೊಗೆ ಕೊಡುವುದು ಇದರ ಕೊಳ್ಳಿಯಿಂದಲೇ. ಬಾಚಿಯ ಬಾಯಿ ಮುರಿಯುವಷ್ಟು ಗಟ್ಟಿ. ಒಂದೇ ತುಂಡನ್ನು ಸವರಿ, ನಡುವೆ ಸುಟ್ಟು ತೂತು ತೆಗೆದು, ಹೊರಮೈಯಲ್ಲಿ ಎಳೆಗರುವಿನ ಕೊಂಬಿನಂಥ ಎರಡು ಮೊನೆ ಎಬ್ಬಿಸಿ, ಕುರಿಕೊಬ್ಬು ಕೆಮ್ಮಣ್ಣು ತಿಕ್ಕಿ ತಿಕ್ಕಿ ಹೊಳಪು ತರುವಷ್ಟರಲ್ಲಿ ತಿಂಗಳೇ ಕಳೆಯುತ್ತಿತ್ತು. ಬಾಯಿಲ್ಲದ ಬಳೆ ಅದು, ಬಿಚ್ಚಲು ಕೀಲಿಲ್ಲ. ಹೆಬ್ಬೆರಳು ಮಡಚಿ, ಕೈಗೆಲ್ಲ ಕೊಬ್ಬು ಬಳಿದು, ಅಂಗೈ ದಾಟಿಸಿ, ಮೊಣಕೈ ದಾಟಿಸಿ, ಮೇಲ್ದೋಳಿಗೆ ಏರಿಸಬೇಕು. ಮೊಣಕೈ ದಾಟುವಾಗ ಮೊರಾನ್ ಆದವನು, ಈಟಿ ಹಿಡಿದು ದನ ಕಾಯುವ ಗಂಡಸು, ಕಣ್ಣು ಮಿಟುಕಿಸಬಾರದು. ಮಿಟುಕಿಸಿದವನ ಕತೆ ಅವನಿಗಿಂತ ಮೊದಲು ಮನೆ ಮುಟ್ಟುತ್ತದೆ. ಇನ್ನೊಂದು ಕಟ್ಟಳೆ: ಏರಿಸಿದ ಕೈಯೇ ಇಳಿಸಬೇಕು, ಅದೂ ಮೊರಾನ್‌ಗಳ ಉದ್ದ ಜಡೆ ಬೋಳಿಸಿ ಅವರನ್ನು ಹಿರಿತನದ ಹಾದಿಗೆ ಹಚ್ಚುವ ಯುನೋತೋ ಹಬ್ಬದ ದಿನ. ಅದಕ್ಕೆ ಮೊದಲೇ ತೋಳ್ಬಂದಿ ತೋಳು ಬಿಟ್ಟಿತೆಂದರೆ ಅವನು ಅರ್ಧಕ್ಕೆ ನಿಂತವನು ಎಂದೇ ಜನ ಆಡಿಕೊಳ್ಳುತ್ತಾರೆ.

ಕೋರೆಸ್‌ನ ಅಪ್ಪ ಕಸೈನೆಯ ಓರಗೆಯವನು, ಕಾಡುಕೋಣ ತಿವಿದು ಸತ್ತಿದ್ದ. ತಾಯಿ ನೈಸಿಯೇ. ಅವಳ ಮದುವೆಯಲ್ಲಿ ಕಸೈನೆ ಒಂದು ಕಡಸು ಕೊಟ್ಟಿದ್ದ. ನಮ್ಮಲ್ಲಿ ಹಾಗೆ ಕಡಸು ಕೊಟ್ಟವರೂ ಪಡೆದವರೂ ಆಮೇಲೆ ಹೆಸರು ಹಿಡಿದು ಕರೆಯುವುದಿಲ್ಲ; ಕಡಸಿನ ನೆನಪಿಗೆ ಇಬ್ಬರೂ ಪರಸ್ಪರ ‘ಪಾಶೆ’ ಆಗುತ್ತಾರೆ. ಕಸೈನೆಗೆ ಹುಟ್ಟಿದ್ದೆಲ್ಲ ಹೆಣ್ಣು, ಎಲ್ಲರೂ ಮದುವೆಯಾಗಿ ಹೋಗಿದ್ದರು. ಕೋರೆಸ್‌ನನ್ನು ಅವನು ಮಗನೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಆ ವರ್ಷದ ಒಣಗಾಲದಲ್ಲಿ ಮೊರಾನ್‌ಗಳು ದನಗಳನ್ನು ದೂರದ ನೀರಿಗೆ ಹೊಡೆದುಕೊಂಡು ಹೋಗಿ, ಮೂಳೆ ಚಕ್ಕಳವಾಗಿ ಹಿಂದಿರುಗಿದ್ದರು. ಇನ್ನೇನು ಕಾಡಿನ ಮಾಂಸದ ಬೀಡಿಗೆ ಹೊರಡುವವರು. ಅಲ್ಲಿ ಎತ್ತು ಕಡಿದು, ಬೇರು ಹಾಕಿ ಕುದಿಸಿದ ಸಾರು ಕುಡಿದು, ತಿಂದು ಮಲಗಿ ತಿಂದು ಮಲಗಿ, ಬರುವಾಗ ಗುರುತು ಸಿಗದಷ್ಟು ಮೈ ತುಂಬಿಕೊಂಡು ಬರುತ್ತಾರೆ. ‘ತೋಳು ಅಳೆಯಬೇಕಾದ್ದು ಮಾಂಸ ತಿಂದು ಬಂದ ಮೇಲೆ’ ಎಂದು ಕಸೈನೆಯ ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಅದು ಕಸೈನೆಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಲ್ಲ ಹುಡುಗರಿಗೆ. ಬೀಳ್ಕೊಡುವ ಕುಣಿತಕ್ಕೆ ಹುಡುಗಿಯರು ಬರುತ್ತಾರೆ, ಅಷ್ಟರೊಳಗೆ ತೋಳಿಗೇರಲೇಬೇಕೆಂದು ಕೋರೆಸ್ ಹಟ ಹಿಡಿದ. ಬೇರೆಯವರಿಗಾದರೆ ಕಸೈನೆ ಬೈದು ಕಳಿಸುತ್ತಿದ್ದ.

ಏರಿಸುವ ದಿನ ಕಸೈನೆ ಬಳೆಯ ಒಳಮೈಯನ್ನು ಕೊನೆಯ ಸಲ ಸವರುವಾಗ ನೈಸಿಯೇ ಹತ್ತಿರವೇ ನಿಂತಿದ್ದಳು.

“ಪಾಶೆ, ಒಂದು ಬೆರಳು ಸಡಿಲ ಬಿಡು. ನನ್ನ ಮಗ ಈಗ ಕಡ್ಡಿ ಹಂಗವ್ನೆ.”

“ಸಡಿಲ ಬೇಕು ಅಂದ್ರೆ ನಿನ್ನ ಸೋರೆಬುರುಡೆಗೆ ಮುಚ್ಚಳ ಕೆತ್ತಿ ಕೊಡ್ತೀನಿ, ಅದಕ್ಕೆ ಹಾಕ್ಕೋ,” ಎಂದ ಕಸೈನೆ. ಸುತ್ತಲಿದ್ದವರೆಲ್ಲ ನಕ್ಕರು. ಬಳೆ ಮೊಣಕೈಯಲ್ಲಿ ಸಿಕ್ಕಿಕೊಂಡಾಗ ಅವನು ವಾಡಿಕೆಯಂತೆ ಕೋರೆಸ್‌ನ ಕಣ್ಣು ನೋಡಿದ. ರೆಪ್ಪೆ ಅಲುಗಲಿಲ್ಲ. ಆ ರಾತ್ರಿ ಕುಣಿತದಲ್ಲಿ ಅವನಷ್ಟು ಎತ್ತರಕ್ಕೆ ಯಾರೂ ನೆಗೆಯಲಿಲ್ಲ; ಬಳೆ ಕೂದಲೆಳೆಯಷ್ಟೂ ಜಾರಲಿಲ್ಲ.

ಮುಂದಿನ ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಬೀಡಿನಿಂದ ತಾಜೆವು ಇಳಿದು ಬಂದ. ಕೋರೆಸ್‌ನ ಜೊತೆಗಾರ ಅವನು. ಬೆವರಿನಲ್ಲಿ ಕೆಮ್ಮಣ್ಣು ಹರಿದು ಎದೆಯೆಲ್ಲ ಪಟ್ಟೆ ಪಟ್ಟೆಯಾಗಿತ್ತು. ನೇರ ಕಸೈನೆಯ ಗುಡಿಸಲ ಮುಂದೆ ಬಂದು ನಿಂತು, ತಲೆ ಬಗ್ಗಿಸಿ ಹಿರಿಯನ ಕೈಯನ್ನು ನೆತ್ತಿಗೆ ಮುಟ್ಟಿಸಿಕೊಂಡ.

“ಏನ್ಲಾ, ಎತ್ತು ಮುಗಿದೋಯ್ತಾ?” ಎಂದು ಕಸೈನೆ ಕೆಣಕಿದ.

“ದೊಡ್ಡಪ್ಪಾ, ಕೋರೆಸ್ ಕೈ ಕಪ್ಪಾಗ್ಬುಟ್ಟೈತೆ.”

ಕಸೈನೆ ಕೈಯಲ್ಲಿದ್ದ ಬಾಚಿಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

“ಯಾವ ಕೈ?”

“ನೀನು ಏರಿಸಿದ ಕೈ. ಮಾಂಸ ತಿಂತಾ ತಿಂತಾ ತೋಳು ತುಂಬ್ಕೊಳ್ತು. ಬಳೆ ಕಚ್ಚಿ ಅಡಿಯಲ್ಲಿ ಹುಣ್ಣಾಯ್ತು. ಆಮೇಲೆ ಊತ. ಅವ್ನು ಯಾರಿಗೂ ಹೇಳ್ಲಿಲ್ಲ. ಕಂಬಳಿ ಹೊದ್ಕೊಂಡೇ ಇರ್ತಿದ್ದ. ನಿನ್ನೆ ಲೋಟ ಹಿಡಿಯಕ್ಕೆ ಹೋದ, ಬಿದ್ದೋಯ್ತು. ಬೆರಳಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ ಅವ್ನಿಗೆ.”

ಬೇಲಿಯ ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದಳೋ, ನೈಸಿಯೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಒಂದು ಬೆರಳು ಅಂದಿದ್ದೆ,” ಎಂದಳು, ಅಷ್ಟೇ. ಬೈದಿದ್ದರೆ ಕಸೈನೆಗೆ ಸುಲಭವಾಗುತ್ತಿತ್ತು.

ಅವನ ತಲೆ ಓಡತೊಡಗಿತು. ಬಾಚಿ ಆಗುವುದಿಲ್ಲ, ಒಂದೇ ಏಟಿಗೆ ಮರದ ಜೊತೆ ತೋಳೂ ಹೋದೀತು. ಚೂರಿಯಿಂದ ಹೊರಗಿನಿಂದ ಕೊಯ್ದರೆ ಮರ ಮುಗಿಯುವ ಕಡೆ ಮಾಂಸ ಶುರುವಾಗುತ್ತದೆ. ಕಾಯಿಸಿ ಬಗ್ಗಿಸೋಣವೆಂದರೆ ಒಳಗಿರುವುದು ಬದುಕಿರುವ ಮೈ. ಒಳಗಿನಿಂದ ಹೊರಕ್ಕೆ ಕೊಯ್ಯಬೇಕು. ಮರಕ್ಕೂ ಮೈಗೂ ನಡುವೆ ತೂರುವಷ್ಟು ಸಣ್ಣದು, ಈ ಮರವನ್ನು ತಿನ್ನುವಷ್ಟು ಗಡುಸಾದ್ದು, ಅಂಥದ್ದು ಒಂದೇ ಇತ್ತು: ಕಮ್ಮಾರ ಲೆಪೊಸೊ ಎಳೆಯುವ ಕಬ್ಬಿಣದ ತಂತಿ. ಅದನ್ನು ಬಾಯಿಬಿಟ್ಟೇ ಹೇಳಿದ.

ನೈಸಿಯೇ ಕೊರಳ ಸರವೊಂದನ್ನು ಕಿತ್ತಳು. ಮಣಿ ನೆಲಕ್ಕೆ ಚೆಲ್ಲಿದವು. ಮಣಿ ಪೋಣಿಸಿದ್ದ ಜಿರಾಫೆ ಬಾಲದ ಕೂದಲನ್ನು ಅವನ ಕೈಗಿಟ್ಟು, “ತಂತಿಗೆ ದಾರಿ ತೋರ್ಸಕ್ಕೆ ಬೇಕಾಗುತ್ತೆ,” ಎಂದಳು. ಮಾಂಸದ ಬೀಡನ್ನು ಹೆಂಗಸು ನೋಡುವಂತಿಲ್ಲ. “ಹಳ್ಳದವರೆಗೆ ಬರ್ತೀನಿ. ಅಲ್ಲೇ ಕೂತಿರ್ತೀನಿ.”

ಕಮ್ಮಾರರು ನಮ್ಮ ಬೇಲಿಯ ಒಳಗೆ ಇರುವುದಿಲ್ಲ. ಅವರು ಮಾಡಿದ ಈಟಿ ಬೇಕು, ಕತ್ತಿ ಬೇಕು, ಅವರ ನೆರಳು ಬೇಡ. ಅವರ ಕೈಯಿಂದ ಕಬ್ಬಿಣ ತೆಗೆದುಕೊಳ್ಳುವ ಮುಂಚೆ ಅಂಗೈಗೆ ಕೊಬ್ಬು ಬಳಿದುಕೊಳ್ಳಬೇಕು. ಇಲ್ಲದಿದ್ದರೆ ಆ ಕಬ್ಬಿಣ ರಕ್ತ ಕೇಳುತ್ತದೆ ಎಂಬ ನಂಬಿಕೆ. ಕಸೈನೆ ಇದನ್ನು ಉಳಿದವರಿಗಿಂತ ಜೋರಾಗಿ ನಂಬಿದವನು. ಲೆಪೊಸೊ ಎದುರು ಬಂದರೆ ತಾನೇ ದಾರಿ ಬಿಟ್ಟು ಪೊದೆಯೊಳಗೆ ಇಳಿಯುತ್ತಿದ್ದ. ಈಗ ಅವನ ಬೇಲಿಯ ಹೊರಗೆ ನಿಂತು ಕೂಗಿದ.

ಲೆಪೊಸೊ ತಿದಿಯ ಮುಂದಿನಿಂದ ಏಳಲಿಲ್ಲ. “ಏನು ಹಿರಿಯಾ, ಇಲ್ಲಿ ಪೊದೆ ಇಲ್ವಲ್ಲ, ಎಲ್ಲಿ ಇಳೀತೀಯಾ?”

“ತಂತಿ ಬೇಕು. ಅತಿ ಸಣ್ಣದು.”

“ಹೆಂಡ್ತಿ ಸಿಂಗಾರಕ್ಕಾ? ಈ ವಯಸ್ಸಲ್ಲಿ?”

“ಬಳೆ ಕೊಯ್ಯಕ್ಕೆ. ನಾನು ಮಾಡಿದ ಬಳೆ. ಹುಡುಗನ ತೋಳು ಸಾಯ್ತಾ ಐತೆ.”

ಲೆಪೊಸೊನ ಮುಖದ ನಗೆ ಇಳಿಯಿತು. ಎದ್ದು ಒಳಗೆ ಹೋಗಿ ತಂತಿಯ ಸುರುಳಿ ತಂದು, ಎರಡು ಎಳೆ ಅಳೆದು ಹೊಸೆಯತೊಡಗಿದ. “ಒಂಟಿ ಎಳೆ ಜಾರುತ್ತೆ. ಜೋಡಿ ಹೊಸೆದ್ರೆ ಹಲ್ಲು ಬರುತ್ತೆ,” ಎಂದು ಗೊಣಗಿದ. ಹೊಸೆದು ಮುಗಿಸಿ ಬೇಲಿಯ ಸಂದಿನಿಂದ ಕೈ ಚಾಚಿದ. “ಹೂಂ, ಬಳ್ಕೋ ನಿನ್ನ ಕೊಬ್ಬು.”

ಕಸೈನೆ ಸೊಂಟದ ಕೊಬ್ಬಿನ ಕೊಂಬು ಬಿಚ್ಚಿದ. ತಳದಲ್ಲಿ ಇದ್ದದ್ದು ಒಂದು ಹಿಡಿಯೂ ಅಲ್ಲ. ಒಣಗಾಲ, ಕುರಿಗಳ ಮೈಯಲ್ಲೇ ಕೊಬ್ಬಿರಲಿಲ್ಲ. ಬೀಡಿನಲ್ಲಿ ಎತ್ತಿನ ಕೊಬ್ಬನ್ನೆಲ್ಲ ಅವರು ಸಾರಿಗೇ ಹಾಕಿ ಕುಡಿದಿರುತ್ತಾರೆ. ಇದನ್ನು ಅಂಗೈಗೆ ಬಳಿದರೆ ತೋಳಿಗೆ ಉಳಿಯುವುದಿಲ್ಲ. ತಾಜೆವು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕಸೈನೆ ಕೊಂಬಿನ ಮುಚ್ಚಳ ಮುಚ್ಚಿದ. ಬರಿಗೈ ಚಾಚಿ ತಂತಿ ತೆಗೆದುಕೊಂಡ.

ಲೆಪೊಸೊ ತನ್ನ ಕೈಯನ್ನು ಹಿಂದಕ್ಕೆಳೆಯಲು ಮರೆತು ಹಾಗೇ ನಿಂತ. ಅವನ ಬೆರಳಿಗೆ ಹೊರಗಿನವನ ಬೆರಳು ತಾಗಿದ್ದು ಅದೇ ಮೊದಲಿರಬೇಕು.

ಮೂವರೂ ಗುಡ್ಡ ಹತ್ತಿದರು. ಹಳ್ಳದ ದಂಡೆಯಲ್ಲಿ ನೈಸಿಯೇ ನಿಂತಳು. ಅವರು ಮುಂದೆ ಹೋದರು.

ಕೋರೆಸ್ ಮರಕ್ಕೆ ಒರಗಿ ಕೂತಿದ್ದ. ಮುಖ ಬೂದಿಯಾಗಿತ್ತು, ನಾಲಿಗೆ ಮಾತ್ರ ಸತ್ತಿರಲಿಲ್ಲ. “ಬಂದ್ಯಾ ಅಪ್ಪಾ? ಇನ್ನೂ ಸ್ವಲ್ಪ ಬಿಗಿ ಮಾಡಬಹುದಾ ಅಂತ ನೋಡಕ್ಕೆ ಬಂದ್ಯಾ?”

ಕಸೈನೆ ಕಂಬಳಿ ಸರಿಸಿದ. ಬಳೆಯ ಎರಡು ಅಂಚಿನ ಮೇಲೂ ಮಾಂಸ ಉಕ್ಕಿ ಮರವೇ ಅರ್ಧ ಮುಚ್ಚಿಹೋಗಿತ್ತು. ಅದರ ಕೆಳಗೆ ತೋಳು ಕಪ್ಪುನೀಲಿ. ಬೆರಳುಗಳು ಕರು ಕುಡಿಯದ ಹಸುವಿನ ಮೊಲೆಯ ಹಾಗೆ ಬಿರಿದಿದ್ದವು. ಕೊಂಬಿನ ಮೊನೆ ಎರಡೂ ತಾನು ತಿಕ್ಕಿದ ಹೊಳಪಿನಲ್ಲೇ ಹೊಳೆಯುತ್ತಿದ್ದವು. ತನ್ನ ಕೆಲಸವನ್ನು ಕಂಡು ಅಸಹ್ಯಪಟ್ಟದ್ದು ಕಸೈನೆಗೆ ಜೀವನದಲ್ಲಿ ಅದೊಂದೇ ಸಲ.

“ಕೊಯ್ಬೇಡ,” ಎಂದ ಕೋರೆಸ್ ತಗ್ಗಿದ ದನಿಯಲ್ಲಿ. “ಯುನೋತೋವರೆಗೆ ತಡೀತೀನಿ. ಅರ್ಧಕ್ಕೆ ನಿಂತೋನು ಅನ್ನಿಸ್ಕೊಂಡು ನಾನು ಬದುಕಲ್ಲ.”

“ಯುನೋತೋಗೆ ಬಳೆ ಇರುತ್ತೆ ಕಣಪ್ಪಾ. ತೋಳಿರಲ್ಲ.”

ಕೋರೆಸ್ ತನ್ನ ಕಪ್ಪಾದ ಬೆರಳುಗಳನ್ನು ನೋಡಿಕೊಂಡ. ಕಸೈನೆ ಅದನ್ನೇ ಒಪ್ಪಿಗೆಯೆಂದುಕೊಂಡು ತಂತಿ ಹೊರತೆಗೆದ. ಮೊರಾನ್‌ಗಳ ಮುಂದಾಳು, ಅಗಲ ಭುಜದವನು, ಅಡ್ಡ ಬಂದ.

“ಕಮ್ಮಾರನ ತಂತಿ ತಾನೆ? ಕೊಬ್ಬು ಬಳ್ಕೊಂಡು ತಗೊಂಡ್ಯಾ ದೊಡ್ಡಪ್ಪಾ?”

ತಾಜೆವು ಬೇರೆ ಕಡೆ ಮುಖ ತಿರುಗಿಸಿದ. ಹೂಂ ಅಂದಿದ್ದರೆ ಮುಗಿದಿತ್ತು. ತಾಜೆವು ಬಾಯಿ ಬಿಡುವವನಲ್ಲ. ಕಸೈನೆ ಕೊಂಬಿನ ಮುಚ್ಚಳ ತೆಗೆದು ತಳ ತೋರಿಸಿದ.

“ಇಲ್ಲ. ಕೊಬ್ಬು ಇರೋದೇ ಇಷ್ಟು. ನನ್ನ ಕೈಗಾ, ಇವನ ತೋಳಿಗಾ ಅಂತ ನೋಡ್ದೆ. ಶಾಪ ಇದ್ರೆ ನನ್ನ ಬೆರಳಿಗೆ ಬರ್ಲಿ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಆ ಕಬ್ಬಿಣ ರಕ್ತ ಕೇಳುತ್ತದೆ, ಗಾಯದ ಹತ್ತಿರ ತರಬೇಡ ಎಂದು ಮುಂದಾಳು ತಂತಿಗೆ ಈಟಿ ಅಡ್ಡ ಹಿಡಿದ. ಅಷ್ಟರಲ್ಲಿ ಕೋರೆಸ್ ಅಂದ, “ಸುಳ್ಳು ಹೇಳ್ಬಹುದಿತ್ತು, ಹೇಳ್ಲಿಲ್ಲ. ದಾರಿ ಬಿಡ್ರಲಾ. ಎಳಿ ಅಪ್ಪಾ.”

ಕಸೈನೆ ಇದ್ದ ಕೊಬ್ಬನ್ನೆಲ್ಲ ಬಳೆಯ ಸುತ್ತ ತಿಕ್ಕಿದ. ಕಂಕುಳ ಕಡೆ ಮೈ ಮೆತ್ತಗಿತ್ತು. ಹೆಬ್ಬೆರಳಿನಿಂದ ಮಾಂಸ ಒತ್ತಿ, ಕಾಣದ ಅಂಚನ್ನು ಹುಡುಕಿ, ಜಿರಾಫೆಯ ಕೂದಲನ್ನು ತೂರಿಸಿದ. ಮೊದಲ ಸಲ ಬಾಗಿತು. ಎರಡನೆಯ ಸಲ ಎಲ್ಲೋ ಸಿಕ್ಕಿಕೊಂಡಿತು. ಕೀವು ಬಂತು, ಕೂದಲು ಬರಲಿಲ್ಲ. ತೆಗೆದು ಒರೆಸಿ ಮತ್ತೆ ತೂರಿಸಿದ. ಕೆಳಗಿನ ಅಂಚಿನಲ್ಲಿ ಅದರ ಕರಿ ತುದಿ ಕಂಡಾಗ ತಾಜೆವು ಹಿಡಿದಿದ್ದ ಉಸಿರು ಬಿಟ್ಟ. ಕೂದಲಿನ ಇನ್ನೊಂದು ತುದಿಗೆ ತೆಳು ತೊಗಲಿನ ಪಟ್ಟಿ ಕಟ್ಟಿ ಎಳೆದು ಮೈಗೆ ಹಾಸಿದ. ಪಟ್ಟಿಯ ಮೇಲೆ ತಂತಿ ಎಳೆದ. ಎರಡು ತುದಿಗೂ ಕಡ್ಡಿ ಸುತ್ತಿ, ಎಳೆಯತೊಡಗಿದ, ಅತ್ತ, ಇತ್ತ. ಮರ ಕಿರುಗುಟ್ಟಿತು. ಹಳದಿ ಹುಡಿ ಉದುರಿತು.

ಅರ್ಧವೂ ಆಗಿರಲಿಲ್ಲ, ಕೋರೆಸ್‌ನ ಗಲ್ಲ ನಡುಗಿತು.

ನೋಡಿದವರಿಗೆ ಇದೇನೆಂದು ಹೇಳಬೇಕಿಲ್ಲ. ಮಾಂಸದ ಬೀಡಿನಲ್ಲಿ ಬೇರಿನ ಸಾರು ಕುಡಿದ ಮೊರಾನ್‌ಗೆ ರೋಷವೋ ನೋವೋ ಮಿತಿ ಮೀರಿದರೆ ಆವೇಶದ ನಡುಕ ಬರುತ್ತದೆ. ಗಲ್ಲದಿಂದ ಹೆಗಲಿಗೆ, ಹೆಗಲಿಂದ ತೊಡೆಗೆ; ಕಣ್ಣು ಮೇಲೆ ಸೇರಿ ಬಾಯಿಂದ ನೊರೆ. ಜೊತೆಗಾರರು ಮೇಲೆ ಬಿದ್ದು ಅದುಮಿ ಹಿಡಿದರು. ಹಿಡಿದಷ್ಟೂ ಅವನು ಚಿಮ್ಮುತ್ತಿದ್ದ. ತೋಳು ಚಿಮ್ಮಿದಾಗಲೆಲ್ಲ ತಂತಿ ತಾನು ಕೊರೆದ ಸೀಳು ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಪಟ್ಟಿ ಒಂದು ಕಡೆ ಜಾರಿ, ತಂತಿಯ ಅಡಿಯಲ್ಲಿ ಕೆಂಪು ಕಂಡಿತು.

“ರಕ್ತ,” ಎಂದ ಮುಂದಾಳು. “ಕೇಳ್ತು ನೋಡು.”

ಕಸೈನೆಯ ಕೈ ಒಂದು ಕ್ಷಣ ನಿಂತಿತು. ಅವನೂ ನಂಬಿದವನೇ ತಾನೆ. ಆದರೆ ಕಣ್ಣು ಮರದ ಮೇಲಿತ್ತು. ತೋಳು ಒಂದೇ ಸಮನೆ ನಡುಗುವಾಗ ತಂತಿ ತಾನಾಗಿ ಮರವನ್ನು ತಿನ್ನುತ್ತಿತ್ತು. ತಪ್ಪುತ್ತಿದ್ದುದು ಇವರು ಅದುಮಿದಾಗ, ಅವನು ಚಿಮ್ಮಿದಾಗ.

“ಬಿಡ್ರೋ. ಎಲ್ಲ ಕೈ ತೆಗೀರಿ.”

“ಹುಚ್ಚಾ ನಿಂಗೆ?”

“ಬಿಡ್ರಿ ಅಂದೆ. ನಡುಗ್ಲಿ ಅವ್ನು.”

ಬಿಟ್ಟರು. ಕಸೈನೆ ಪಟ್ಟಿಯನ್ನು ಸರಿಪಡಿಸಿ, ಎರಡು ಮೊಣಕಾಲನ್ನೂ ನೆಲಕ್ಕೂರಿ, ತಂತಿಯನ್ನು ಹೊರಕ್ಕೆ ಜಗ್ಗಿ ಹಿಡಿದ. ಎಳೆಯಲಿಲ್ಲ, ಹಿಡಿದುಕೊಂಡ, ಅಷ್ಟೇ. ಕೋರೆಸ್‌ನ ತೋಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು, ಆ ಅದುರಿಗೆ ಮರ ತಂತಿಯ ಮೇಲೆ ತಾನೇ ತೇಯುತ್ತಿತ್ತು. ಸುಟ್ಟ ವಾಸನೆ ಬಂತು. ಕಡ್ಡಿ ಕಸೈನೆಯ ಬೆರಳೊಳಗೆ ಇಳಿದು ಅವನ ರಕ್ತವೂ ತೊಟ್ಟಿಕ್ಕಿತು. ಹಲ್ಲು ಕಚ್ಚಿ ಹಿಡಿದೇ ಇದ್ದ. ಕೊನೆಗೆ ತಂತಿ ಹೊರಕ್ಕೆ ಬಂದ ರಭಸಕ್ಕೆ ಅವನು ಹಿಂದಕ್ಕೆ ಬಿದ್ದ.

ಎದ್ದವನು ಅಲ್ಲೇ ಬಿದ್ದಿದ್ದ ಎತ್ತಿನ ಕೊಂಬಿನ ಚೂರನ್ನು ಸೀಳಿಗೆ ಬಡಿದು ಎರಡೂ ಕೈಯಿಂದ ಮೀಟಿದ. ಬಳೆ ಲಟ್ಟೆಂದು ಒಡೆಯಿತು. ಕಟ್ಟಿ ನಿಂತಿದ್ದ ರಕ್ತ ತೋಳಿಗೆ ನುಗ್ಗಿದಾಗ ಕೋರೆಸ್ ಕಿರುಚಿದ. ಅದನ್ನು ಯಾರೂ ಇಂದಿಗೂ ಆಡಿಕೊಂಡಿಲ್ಲ. ಕೆಳಗೆ ಹಳ್ಳದವರೆಗೆ ಕೇಳಿಸಿತಂತೆ.

ಸಂಜೆಯ ಹೊತ್ತಿಗೆ ಹೆಬ್ಬೆರಳು ಅಲುಗಿತು. ಮರುದಿನ ಅದರ ಪಕ್ಕದ ಎರಡು. ಕೊನೆಯ ಎರಡು ಬೆರಳು ಮಡಚಿಕೊಂಡವು ಮಡಚಿಕೊಂಡೇ ಉಳಿದವು.

ಊರಿಗೆ ಕಾರಣ ಬೇಕಿತ್ತು, ಕಾರಣ ಕೈಗೆ ಸಿಗುವಂತೆಯೇ ಇತ್ತು. ಬರಿಗೈಯಲ್ಲಿ ತೆಗೆದುಕೊಂಡ ತಂತಿ ಎರಡು ಬೆರಳು ತಿಂದಿತು, ಕಮ್ಮಾರನನ್ನು ಹಳ್ಳದಾಚೆಗೆ ಅಟ್ಟಬೇಕು ಎಂದು ಮರದಡಿಯ ಕೂಟದಲ್ಲಿ ಮಾತೆದ್ದಿತು. ತನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಕಸೈನೆ ಎದ್ದು ನಿಂತು ಕೂಟದಲ್ಲಿ ಮಾತಾಡುವವನು ಹಿಡಿಯುವ ಕೋಲು ಕೈಗೆ ತೆಗೆದುಕೊಂಡ.

“ತಂತಿ ತಿನ್ಲಿಲ್ಲ. ತಂತಿ ಉಳಿದ ಬೆರಳು ಕೊಡ್ತು. ತಿಂದಿದ್ದು ನನ್ನ ಅಳತೆ. ಬಡಕಲು ತೋಳು ಅಳೆದು ಮಾಂಸದ ಬೀಡಿಗೆ ಕಳಿಸ್ದೆ. ನನ್ನಪ್ಪ ಬೇಡ ಅಂದಿದ್ದ, ಹುಡುಗನ ತಾಯಿ ಸಡಿಲ ಬಿಡು ಅಂದಿದ್ಲು. ಅಟ್ಟೋದಾದ್ರೆ ನನ್ನನ್ನ ಅಟ್ರಿ.” ಕೋಲು ಕೆಳಗಿಟ್ಟು ಕೂತ. ಯಾರನ್ನೂ ಅಟ್ಟಲಿಲ್ಲ. ಆಮೇಲೆ ಅವನು ತೋಳ್ಬಂದಿ ಕೆತ್ತಲಿಲ್ಲ. ಪೀಠ ಕೆತ್ತಿದ, ಗೊರಕೆ ಹೊಡೆಯುವ ಮುದುಕರಿಗೆ ತಲೆದಿಂಬು ಕೆತ್ತಿದ. ಒಡೆದ ಬಳೆಯ ಎರಡು ಹೋಳೂ ಗುಡಿಸಲ ಸೂರಿನಲ್ಲಿ ಹೊಗೆ ಹಿಡಿಯುತ್ತಿದ್ದವು.

ಯುನೋತೋ ಬಂತು. ಬೇರೆ ಕೆತ್ತುವವರೆಲ್ಲ ಕೊಬ್ಬಿನ ಕೊಂಬು ಹಿಡಿದು ಅಂಗಳಕ್ಕೆ ಹೋದರು. ಕಸೈನೆ ಗುಡಿಸಲೊಳಗೆ ಕತ್ತಲಲ್ಲಿ ಕೂತ. ಹಾಡು ಕೇಳುತ್ತಿತ್ತು. ಆಮೇಲೆ ಹಾಡು ನಿಂತಿತು. ನೈಸಿಯೇ ಬಾಗಿಲಲ್ಲಿ ಬಗ್ಗಿದಳು. ಒಂದು ಕೈಯಲ್ಲಿ ಹಾಲಿನ ಬುರುಡೆ, ಇನ್ನೊಂದರಲ್ಲಿ ಮಗನ ತಲೆ ಬೋಳಿಸುವ ಕತ್ತಿ.

“ಏಳು ಪಾಶೆ. ಅವ್ನು ತಲೆ ಕೊಡಲ್ಲ ಅಂತ ನಿಂತವ್ನೆ. ಹಿರಿಯರು ಸಿಟ್ಟಾಗವ್ರೆ. ಹೊತ್ತು ಇಳಿಯೋದ್ರೊಳಗೆ ಬೋಳಿಸ್ದೆ ಹೋದ್ರೆ ಅವ್ನನ್ನ ಸಾಲಿಂದ ಹೊರಗೆ ಹಾಕ್ತಾರೆ.”

“ಯಾಕಂತೆ?”

“ತೋಳ್ಬಂದಿ ಇಳೀದೆ ತಲೆ ಬೋಳಿಸೋದು ಎಲ್ಲಿಯ ಪದ್ಧತಿ ಅಂತ ಕೇಳ್ತಾವ್ನೆ.”

ಕಸೈನೆ ಕೊಂಬು ಹುಡುಕಿಕೊಂಡು ಎದ್ದ. ಮೊರಾನ್‌ಗಳ ಸಾಲಿನಲ್ಲಿ ಕೋರೆಸ್ ಎಡತೋಳು ಮುಂದೆ ಚಾಚಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ. ಬರಿ ತೋಳು. ಬಳೆಯಿದ್ದ ಕಡೆ ಸುತ್ತಲೂ ಕೂದಲಿಲ್ಲದ, ಮಿರುಗುವ ಕಲೆ. ಹಿರಿಯರಲ್ಲಿ ಒಬ್ಬ ಕಸೈನೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

“ಏರಿಸಿದೋನು ನೀನು,” ಎಂದ ಕೋರೆಸ್. “ನೀನೇ ಇಳಿಸು.”

ಕಸೈನೆ ಹಿರಿಯರು ಹರಸುವ ರೀತಿಯಲ್ಲಿ ಆ ಕಲೆಯ ಮೇಲೆ ಉಗುಳು ಸಿಂಪಡಿಸಿದ. ಕೊಬ್ಬು ಬಳಿದ. ಎರಡೂ ಅಂಗೈಯಿಂದ ಕಲೆಯನ್ನು ಸುತ್ತ ಹಿಡಿದು, ಇಲ್ಲದ ಬಳೆಯನ್ನು ಮೆಲ್ಲಗೆ ಕೆಳಗೆ ತಂದ. ಮೊಣಕೈ ಬಂದಾಗ ವಾಡಿಕೆಯಂತೆ ಅವನ ಕೈ ತಡೆಯಿತು, ವಾಡಿಕೆಯಂತೆ ತಲೆಯೆತ್ತಿ ಹುಡುಗನ ಕಣ್ಣು ನೋಡಿದ. ಕೋರೆಸ್‌ನ ರೆಪ್ಪೆ ಅಲುಗಲಿಲ್ಲ. ಮಿಟುಕಿಸಿದ್ದು ಕಸೈನೆಯ ಕಣ್ಣು, ಎಲ್ಲರೂ ನೋಡಿದರು. ಮೊಣಕೈ ದಾಟಿಸಿದ, ಮಣಿಕಟ್ಟು ದಾಟಿಸಿದ, ಮಡಚಿಕೊಂಡ ಎರಡು ಬೆರಳ ಹತ್ತಿರ ಬಂದಾಗ ಅವನ್ನು ತನ್ನ ಅಂಗೈಯೊಳಗೆ ಸ್ವಲ್ಪ ಹೊತ್ತು ಹಿಡಿದುಕೊಂಡು, ಆಮೇಲೆ ಬಿಟ್ಟ.

“ಈ ಸಲ ಮೊಣಕೈಯಲ್ಲಿ ಸಿಕ್ಕಲಿಲ್ಲ,” ಎಂದ ಕೋರೆಸ್.

“ಒಂದು ಬೆರಳು ಸಡಿಲ ಬಿಟ್ಟಿದ್ದೆ,” ಎಂದ ಕಸೈನೆ.

ನೈಸಿಯೇ ಮಗನನ್ನು ತೊಗಲಿನ ಮೇಲೆ ಕೂರಿಸಿ, ಹಾಲು ಬೆರೆಸಿದ ನೀರನ್ನು ಅವನ ಜಡೆಗೆ ಸುರಿದು, ಕತ್ತಿ ತೆಗೆದಳು.